ಹಸಿರನ್ನು ಅಳೆಯುವ ಮುನ್ನ ಹಿಮವನ್ನು ಅಳೆಯಿರಿ

ಎತ್ತರದ ಪರ್ವತಗಳಲ್ಲಿ ಸಸ್ಯಗಳು ಹೆಚ್ಚಿವೆ ಎಂದು ಸಾರುವ, ಉಪಗ್ರಹ ಚಿತ್ರಗಳಿಂದ ಮಾಡಿದ ನಕ್ಷೆಯನ್ನು ಯಾರಾದರೂ ನನ್ನ ಮುಂದೆ ಹಿಡಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಳೆಯ ಚಿತ್ರ ಯಾವ ತಿಂಗಳದ್ದು, ಹೊಸದು ಯಾವ ತಿಂಗಳದ್ದು? ಜೂನ್ ಆರಂಭದ ಚಿತ್ರವನ್ನು ಆಗಸ್ಟ್ ಚಿತ್ರದ ಪಕ್ಕದಲ್ಲಿಟ್ಟರೆ ಯಾವ ಬೆಟ್ಟವಾದರೂ ಹಸಿರಾಗಿಯೇ ಕಾಣುತ್ತದೆ. ತಿಂಗಳು ಒಂದೇ ಆಗಿದ್ದರೂ ಒಂದು ವರ್ಷ ಹಿಮ ತಡವಾಗಿ ಕರಗಿ ಮತ್ತೊಂದು ವರ್ಷ ಬೇಗ ಕರಗಿದ್ದರೆ ಫಲಿತಾಂಶ ಅದೇ. ಅಲ್ಲಿ ಬದಲಾಗಿದ್ದು ಹಿಮ ಕರಗಿದ ದಿನ; ಹುಲ್ಲು ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ ಇರಬಹುದು.

ಉಪಗ್ರಹ ಚಿತ್ರಗಳಿಂದ ಹಸಿರನ್ನು ಅಳೆಯುವ ಈ ಕೆಲಸವನ್ನು ಹೇಳಿಕೊಡುವ ಹೆಚ್ಚಿನ ಪಾಠಗಳು ಬಯಲುಸೀಮೆಯ ಹೊಲಗಳಿಗಾಗಿ ಬರೆದವು. ಅದೇ ಪಾಠವನ್ನು 4,000 ಮೀಟರ್ ಎತ್ತರಕ್ಕೆ ಹೊತ್ತೊಯ್ದರೆ ಹಿಮ, ನೆರಳು, ಮೋಡ ಮೂರೂ ಸೇರಿ ಕೈಕೊಡುತ್ತವೆ. ನಕ್ಷೆ ಮತ್ತು ಉಪಗ್ರಹ ಚಿತ್ರಗಳ ತಂತ್ರಾಂಶಗಳಾದ ಕ್ಯುಜಿಐಎಸ್ ಅಥವಾ ಗೂಗಲ್ ಅರ್ತ್ ಎಂಜಿನ್ ಒಂದಿಷ್ಟು ಬಳಸಿ ಗೊತ್ತಿದೆ, ಆದರೆ ಪರ್ವತ ಹೊಸದು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವ ಬದಲಾವಣೆ, ಯಾವ ಉಪಗ್ರಹ

ಮೊದಲು ಏನನ್ನು ನೋಡಬೇಕೆಂದಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಹುಲ್ಲುಗಾವಲು ದಟ್ಟವಾಗುತ್ತಿದೆಯೇ? ಮರಗಳ ಗಡಿ ಮೇಲೇರುತ್ತಿದೆಯೇ? ಅಥವಾ ಅದಕ್ಕೂ ಮೇಲೆ, ಬಂಡೆ ಮತ್ತು ಹಿಮದ ನಡುವಿನ ಪಟ್ಟಿಯಲ್ಲಿ ಅಲ್ಲಲ್ಲಿ ಹೊಸ ಗಿಡಗಳು ಕಾಲೂರುತ್ತಿವೆಯೇ? ಮೂರಕ್ಕೂ ಒಂದೇ ವಿಧಾನ ಒಗ್ಗುವುದಿಲ್ಲ.

ದಶಕಗಳ ಬದಲಾವಣೆಗೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳನ್ನು ಬಿಟ್ಟರೆ ಬೇರೆ ದಾರಿ ಇಲ್ಲ. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 5ರಿಂದ ಹಿಡಿದು ಇಂದಿನ 8 ಮತ್ತು 9ರವರೆಗೆ 30 ಮೀಟರ್ ಪಿಕ್ಸೆಲ್‌ಗಳ (ಚಿತ್ರದ ಅತಿ ಸಣ್ಣ ಚೌಕಗಳ) ಸರಣಿ ಸಿಗುತ್ತದೆ. 2008ರಿಂದ ಅದು ಎಲ್ಲರಿಗೂ ಉಚಿತ. ಕಳೆದ ಕೆಲವು ವರ್ಷಗಳನ್ನು ಸೂಕ್ಷ್ಮವಾಗಿ ನೋಡಬೇಕಿದ್ದರೆ 2015ರಲ್ಲಿ ಶುರುವಾದ ಯುರೋಪಿನ ಸೆಂಟಿನೆಲ್-2 ಉತ್ತಮ: ಕೆಂಪು ಮತ್ತು ಕಣ್ಣಿಗೆ ಕಾಣದ ಸಮೀಪದ ಅವಗೆಂಪು (ನಿಯರ್ ಇನ್‌ಫ್ರಾರೆಡ್) ಬೆಳಕಿನ ಬ್ಯಾಂಡ್‌ಗಳು 10 ಮೀಟರ್‌ನಲ್ಲಿ, ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ. ನಾಸಾದ ಮೋಡಿಸ್ ಉಪಕರಣ 2000ದಿಂದ ಪ್ರತಿದಿನವೂ ನೋಡುತ್ತಿದೆ, ಆದರೆ 250 ಮೀಟರ್ ಪಿಕ್ಸೆಲ್ ಒಂದರೊಳಗೆ ಕಣಿವೆ, ಬಂಡೆ, ಹುಲ್ಲು, ಹಿಮ ಎಲ್ಲವೂ ಕೂತುಬಿಡುತ್ತವೆ. ಹಿಮ ಯಾವಾಗ ಕರಗುತ್ತದೆ, ಹಸಿರು ಯಾವಾಗ ತುತ್ತತುದಿಗೇರುತ್ತದೆ ಎಂಬ ಕಾಲದ ಅಂದಾಜಿಗೆ ಅದನ್ನು ಇಟ್ಟುಕೊಳ್ಳಿ. ಜಾಗದ ಲೆಕ್ಕಕ್ಕೆ ಬೇಡ. ಭಾರತದ ರಿಸೋರ್ಸ್‌ಸ್ಯಾಟ್ ಸರಣಿಯ ಲಿಸ್-3 ಚಿತ್ರಗಳು 23.5 ಮೀಟರ್‌ನವು, ಹಿಮಾಲಯದ ಮೇಲೆ ಕೆಲಸ ಮಾಡುವವರಿಗೆ ಲ್ಯಾಂಡ್‌ಸ್ಯಾಟ್‌ನ ಖಾಲಿ ಜಾಗಗಳನ್ನು ತುಂಬಲು ಉಪಯೋಗಕ್ಕೆ ಬರುತ್ತವೆ.

ಮರಗಳ ಗಡಿಯ ಹಿಂದೆ ಬಿದ್ದವರು ಒಂದು ಸಣ್ಣ ಲೆಕ್ಕ ಹಾಕಿಕೊಳ್ಳಲಿ. 30 ಡಿಗ್ರಿ ಇಳಿಜಾರಿನಲ್ಲಿ 30 ಮೀಟರ್‌ನ ಒಂದು ಪಿಕ್ಸೆಲ್ ಸುಮಾರು 17 ಮೀಟರ್ ಎತ್ತರವನ್ನು ನುಂಗಿಕೊಳ್ಳುತ್ತದೆ. ಗಡಿ ವರ್ಷಕ್ಕೆ ಅರ್ಧ ಮೀಟರ್ ಏರುತ್ತಿದೆ ಎಂದಿಟ್ಟುಕೊಂಡರೆ ಮೂವತ್ತನಾಲ್ಕು ವರ್ಷ ಕಾದರೂ ದಕ್ಕುವುದು ಒಂದೇ ಪಿಕ್ಸೆಲ್. ಆದ್ದರಿಂದ ಲ್ಯಾಂಡ್‌ಸ್ಯಾಟ್‌ನಲ್ಲಿ ಗಡಿಯ ಚಲನೆಯನ್ನು ಹುಡುಕುವ ಬದಲು ಗಡಿಯ ಆಸುಪಾಸಿನ ಪೊದೆ ಮತ್ತು ಮರಗಳ ದಟ್ಟಣೆ ಹೆಚ್ಚಿದೆಯೇ ಎಂದು ನೋಡುವುದೇ ಜಾಣತನ.

ಒಂದು ಪಿಕ್ಸೆಲ್‌ನೊಳಗೆ

ಹಸಿರನ್ನು ಅಳೆಯಲು ಎನ್‌ಡಿವಿಐ ಎಲ್ಲರಿಗೂ ಗೊತ್ತಿರುವ ಸೂಚ್ಯಂಕ. ಸಮೀಪದ ಅವಗೆಂಪಿನ ಪ್ರತಿಫಲನದಿಂದ ಕೆಂಪಿನದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಎಲೆ ಕೆಂಪನ್ನು ಹೀರಿಕೊಂಡು ಅವಗೆಂಪನ್ನು ಚೆಲ್ಲುತ್ತದೆ, ಹಾಗಾಗಿ ಹಸಿರು ಹೆಚ್ಚಿದಂತೆ ಸಂಖ್ಯೆ 1ರತ್ತ ಸಾಗುತ್ತದೆ. ಸೆಂಟಿನೆಲ್-2ರಲ್ಲಿ ಬ್ಯಾಂಡ್ 8 ಮತ್ತು 4. ಲ್ಯಾಂಡ್‌ಸ್ಯಾಟ್ 8, 9ರಲ್ಲಿ 5 ಮತ್ತು 4. ಲ್ಯಾಂಡ್‌ಸ್ಯಾಟ್ 5, 7ರಲ್ಲಿ 4 ಮತ್ತು 3. ಇಲ್ಲಿಯವರೆಗೆ ಸುಲಭ.

ಈಗ ಕಾಗದದ ಮೇಲೆ ಒಂದು ಪಿಕ್ಸೆಲ್ ಮಾಡೋಣ. ಒಳ್ಳೆಯ ಹುಲ್ಲುಗಾವಲು: ಕೆಂಪು 0.06, ಅವಗೆಂಪು 0.30. ಎನ್‌ಡಿವಿಐ 0.67. ಅದರ ಪಕ್ಕದ ಶುದ್ಧ ಹಿಮ: ಕೆಂಪು 0.62, ಅವಗೆಂಪು 0.60. ಎನ್‌ಡಿವಿಐ ಸೊನ್ನೆಗಿಂತ ತುಸು ಕೆಳಗೆ. ಪಿಕ್ಸೆಲ್‌ನ ಅರ್ಧ ಹಿಮ, ಅರ್ಧ ಹುಲ್ಲು ಇದ್ದರೆ ಸರಾಸರಿ 0.33ರ ಹತ್ತಿರ ಬರಬೇಕಲ್ಲವೇ? ಬರುವುದಿಲ್ಲ. ಕೆಂಪು 0.34, ಅವಗೆಂಪು 0.45 ಆಗಿ ಎನ್‌ಡಿವಿಐ 0.14ಕ್ಕೆ ಕುಸಿಯುತ್ತದೆ. ಹಿಮ ಬೆಳಕನ್ನು ಎಷ್ಟು ಜೋರಾಗಿ ಚೆಲ್ಲುತ್ತದೆಂದರೆ ಹುಲ್ಲಿನ ಪಾಲು ಅದರ ಮುಂದೆ ಲೆಕ್ಕಕ್ಕಿಲ್ಲ. ಬರೀ ಹತ್ತನೇ ಒಂದು ಭಾಗ ಹಿಮ ಉಳಿದಿದ್ದರೂ, ಅಂದರೆ ಬಂಡೆಯ ಮರೆಯಲ್ಲಿ, ಹಳ್ಳದ ಅಂಚಿನಲ್ಲಿ ಒಂದಿಷ್ಟು ತೇಪೆ ಇದ್ದರೂ, 0.67 ಇದ್ದದ್ದು 0.48 ಆಗುತ್ತದೆ.

ಮುಂದಿನ ವರ್ಷ ಅದೇ ತಾರೀಖಿಗೆ ಆ ತೇಪೆ ಕರಗಿಹೋಗಿದೆ ಎನ್ನಿ. ಎನ್‌ಡಿವಿಐ 0.48ರಿಂದ 0.67ಕ್ಕೆ ನೆಗೆಯುತ್ತದೆ. ಒಂದೇ ಒಂದು ಹುಲ್ಲುಕಡ್ಡಿ ಹೊಸದಾಗಿ ಹುಟ್ಟಿಲ್ಲ, ಆದರೂ ನಕ್ಷೆಯಲ್ಲಿ ಕಡುಹಸಿರು ಬಣ್ಣ ಬಳಿದಿರುತ್ತದೆ.

ಹಿಮ ಮತ್ತು ಮೋಡವನ್ನು ತೆಗೆಯುವುದು

ಹಾಗಾಗಿ ಹಿಮದ ಸೂಚ್ಯಂಕ ಎನ್‌ಡಿಎಸ್‌ಐ ಬೇಕು. ಹಸಿರು ಬ್ಯಾಂಡ್‌ನಿಂದ ಕಿರು ತರಂಗದ ಅವಗೆಂಪನ್ನು ಕಳೆದು, ಮೊತ್ತದಿಂದ ಭಾಗಿಸಿ. ಹಿಮ ಹಸಿರು ಬ್ಯಾಂಡ್‌ನಲ್ಲಿ ಹೊಳೆಯುತ್ತದೆ, ಕಿರು ತರಂಗದಲ್ಲಿ ಕಪ್ಪಾಗಿರುತ್ತದೆ. ಮೋಡ ಎರಡರಲ್ಲೂ ಹೊಳೆಯುತ್ತದೆ. ಪಾಠಗಳಲ್ಲಿ ಸಿಗುವ ಮಿತಿ 0.4. ಅದನ್ನು ಹಿಂದುಮುಂದು ನೋಡದೆ ಹಾಕಿಬಿಡಬೇಡಿ. ಆ ಮಿತಿ ಹುಟ್ಟಿದ್ದು ಹಿಮವನ್ನು ನಕ್ಷೆ ಮಾಡಲು. ಪಿಕ್ಸೆಲ್‌ನ ಸುಮಾರು ಅರ್ಧ ಹಿಮ ತುಂಬಿದಾಗ ಅದು ಎಚ್ಚರಗೊಳ್ಳುತ್ತದೆ. ನಮಗೆ ಬೇಕಿರುವುದು ಹಿಮವೇ ಇಲ್ಲದ ಪಿಕ್ಸೆಲ್. ನಾನು ಮಿತಿಯನ್ನು ಸೊನ್ನೆಗೆ ಇಳಿಸುತ್ತೇನೆ. ಮೇಲಿನ ಹುಲ್ಲುಗಾವಲಿನಲ್ಲಿ ಆಗ ಐದನೇ ಒಂದು ಭಾಗ ಹಿಮವಿದ್ದರೂ ಸಿಕ್ಕಿಬೀಳುತ್ತದೆ. ಹತ್ತನೇ ಒಂದು ಭಾಗ ಮಾತ್ರ ಆಗಲೂ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಉಪಾಯ ಮಿತಿಯಲ್ಲಿಲ್ಲ, ಪಂಚಾಂಗದಲ್ಲಿದೆ: ಪ್ರತಿ ಪಿಕ್ಸೆಲ್‌ನಲ್ಲಿ ಹಿಮ ಮಾಯವಾದ ಮೊದಲ ದಿನಾಂಕವನ್ನು ಗುರುತಿಸಿ, ಅದರ ನಂತರದ ಎರಡು ಮೂರು ವಾರಗಳ ಚಿತ್ರಗಳನ್ನು ಕೈಬಿಡಿ.

ಈ ದಿನಾಂಕವನ್ನು ಎಸೆಯಬೇಡಿ. ವರ್ಷಕ್ಕೊಂದರಂತೆ ಹಿಮ ಕರಗಿದ ದಿನದ ನಕ್ಷೆಯೊಂದು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಮುಂದೆ ಹಸಿರಿನ ಪ್ರವೃತ್ತಿಯನ್ನು ವಿವರಿಸುವಾಗ ಅದಕ್ಕಿಂತ ಬೆಲೆಬಾಳುವ ದತ್ತಾಂಶ ಇನ್ನೊಂದಿಲ್ಲ.

ಮೋಡಕ್ಕೆ ಚಿತ್ರದ ಜೊತೆಗೇ ಬರುವ ಗುಣಮಟ್ಟದ ಪದರವನ್ನು ಬಳಸಿ. ಲ್ಯಾಂಡ್‌ಸ್ಯಾಟ್‌ನ ಆ ಪದರದಲ್ಲಿ ಬಿಟ್ 3 ಮೋಡ, 4 ಮೋಡದ ನೆರಳು, 5 ಹಿಮ. ಸೆಂಟಿನೆಲ್-2ರ ವರ್ಗೀಕರಣ ಪದರದಲ್ಲಿ 3 ನೆರಳು, 8 ಮತ್ತು 9 ಮೋಡ, 10 ತೆಳು ಸಿರಸ್ ಮೋಡ, 11 ಹಿಮ. ಎರಡೂ ಪದರಗಳು ಪರ್ವತದಲ್ಲಿ ತಡವರಿಸುತ್ತವೆ: ಕರಗುತ್ತಿರುವ ಹಿಮವನ್ನು ಮೋಡವೆಂದೂ, ಬೆಟ್ಟದ ನೆರಳನ್ನು ಮೋಡದ ನೆರಳೆಂದೂ ಹೇಳುತ್ತವೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಹೇಗಿದ್ದರೂ ಎರಡನ್ನೂ ತೆಗೆಯುವವರೇ ನಾವು. ತಲೆ ಕೆಡಿಸಿಕೊಳ್ಳಬೇಕಾದದ್ದು ಮೋಡದ ಅಂಚಿನ ತೆಳು ಮಬ್ಬಿನ ಬಗ್ಗೆ. ಬೇಡದ ಪಿಕ್ಸೆಲ್‌ಗಳನ್ನು ಮರೆಮಾಡುವ ಮಾಸ್ಕನ್ನು ಸುತ್ತಲೂ ಕೆಲವು ಪಿಕ್ಸೆಲ್‌ಗಳಷ್ಟು ಹಿಗ್ಗಿಸಿ. ಮಾಸ್ಕ್ ಹಾಕಿದ ಮೇಲೆ ಒಂದಷ್ಟು ಚಿತ್ರಗಳನ್ನು ಕಣ್ಣಾರೆ ತೆರೆದು ನೋಡಿ. ಕೋಡ್ ಓಡಿತು ಎಂಬುದಕ್ಕೂ ಮೋಡ ಹೋಯಿತು ಎಂಬುದಕ್ಕೂ ಸಂಬಂಧವಿಲ್ಲ.

ಋತುವನ್ನು ಆರಿಸುವುದು

ಹಸಿರು ತುದಿಗೇರುವ ಕಾಲ ಎತ್ತರದೊಂದಿಗೆ ಜಾರುತ್ತದೆ. ಕೆಳಗಿನ ಹುಲ್ಲುಗಾವಲು ಜುಲೈನಲ್ಲಿ ತುದಿಗೇರಿದರೆ ಸಾವಿರ ಮೀಟರ್ ಮೇಲಿನದು ಆಗಸ್ಟ್ ಮಧ್ಯಕ್ಕೆ ಏರಬಹುದು. ಇಡೀ ಬೆಟ್ಟಕ್ಕೆ ಒಂದೇ ಕಿಟಕಿ (ಚಿತ್ರಗಳನ್ನು ಆರಿಸುವ ದಿನಗಳ ಅವಧಿ) ಇಡುವ ಬದಲು ಎತ್ತರದ ಪಟ್ಟಿಗೊಂದು ಕಿಟಕಿ ಇಡುವುದು ಉತ್ತಮ.

ಮಧ್ಯ ಮತ್ತು ಪೂರ್ವ ಹಿಮಾಲಯದಲ್ಲಿ ಇನ್ನೊಂದು ಗಂಟು: ಹಸಿರು ತುದಿಗೇರುವ ಕಾಲವೂ ಮುಂಗಾರಿನ ಮೋಡ ಕವಿಯುವ ಕಾಲವೂ ಒಂದೇ. ಆಕಾಶ ತಿಳಿಯಾಗುವ ಹೊತ್ತಿಗೆ ಹುಲ್ಲು ಹಳದಿಗೆ ತಿರುಗಿರುತ್ತದೆ. ಅಕ್ಟೋಬರ್ ಚಿತ್ರಗಳು ಗಾಜಿನಂತೆ ಸ್ವಚ್ಛ ಎಂದು ಅವುಗಳನ್ನೇ ಸಾಲಾಗಿ ಜೋಡಿಸಿದರೆ ನೀವು ಅಳೆಯುವುದು ಹುಲ್ಲು ಎಷ್ಟು ಬೆಳೆಯಿತು ಎಂಬುದನ್ನಲ್ಲ, ಎಷ್ಟು ತಡವಾಗಿ ಒಣಗಿತು ಎಂಬುದನ್ನು. ಅದೂ ಒಂದು ಪ್ರಶ್ನೆಯೇ, ಆದರೆ ಶೀರ್ಷಿಕೆಯಲ್ಲಿ ಹಾಗೆಂದೇ ಬರೆಯಬೇಕು. ಲಡಾಖ್, ಸ್ಪಿತಿಯಂಥ ಮಳೆನೆರಳಿನ ಕಡೆ ಈ ತಾಪತ್ರಯ ಕಡಿಮೆ.

ಇನ್ನು ವರ್ಷದ ಗರಿಷ್ಠ ಎನ್‌ಡಿವಿಐ ತೆಗೆಯುವ ಪದ್ಧತಿ. ಬೇಸಗೆಯ ಎಲ್ಲ ಚಿತ್ರಗಳಿಂದ ಪ್ರತಿ ಪಿಕ್ಸೆಲ್‌ನ ಅತಿ ಹೆಚ್ಚಿನ ಮೌಲ್ಯವನ್ನು ಹೆಕ್ಕುವುದು. ಮೋಡ, ಹಿಮ ಎರಡೂ ಎನ್‌ಡಿವಿಐ ತಗ್ಗಿಸುವುದರಿಂದ ಗರಿಷ್ಠವು ತಾನಾಗಿಯೇ ಅವುಗಳನ್ನು ಬದಿಗೊತ್ತುತ್ತದೆ. ಅದಕ್ಕೇ ಎಲ್ಲರೂ ಬಳಸುತ್ತಾರೆ. ನನಗೆ ಅದರ ಮೇಲೆ ಒಂದು ಗುಮಾನಿ ಇದೆ, ಕಾರಣ ಇಷ್ಟೇ: ಹೆಚ್ಚು ಬಾರಿ ನೋಡಿದಷ್ಟೂ ತುತ್ತತುದಿ ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಲ್ಯಾಂಡ್‌ಸ್ಯಾಟ್ 5ರಲ್ಲಿ ಚಿತ್ರಗಳನ್ನು ಕೂಡಿಡುವ ರೆಕಾರ್ಡರ್ ಇರಲಿಲ್ಲ. ಅದರ ಸಂಕೇತಗಳನ್ನು ಹಿಡಿಯುವ ನೆಲದ ಕೇಂದ್ರ ಸಿಗದ ಕಡೆ ಚಿತ್ರವೇ ಉಳಿಯುತ್ತಿರಲಿಲ್ಲ. ಹೀಗಾಗಿ ಏಷ್ಯಾದ ಹಲವು ಪರ್ವತಗಳ ಮೇಲೆ ಎಂಬತ್ತು ತೊಂಬತ್ತರ ದಶಕದ ಕೆಲವು ಬೇಸಗೆಗಳಿಗೆ ಬೆರಳೆಣಿಕೆಯ ಚಿತ್ರಗಳಷ್ಟೇ ಸಿಗುತ್ತವೆ. ಈಗ 8 ಮತ್ತು 9 ಸೇರಿ ಎಂಟು ದಿನಕ್ಕೊಮ್ಮೆ ಹಾದುಹೋಗುತ್ತವೆ. ಬೆಟ್ಟ ಒಂಚೂರೂ ಬದಲಾಗದಿದ್ದರೂ ಗರಿಷ್ಠದ ಗೆರೆ ಏರುತ್ತಲೇ ಹೋಗುತ್ತದೆ.

ಪರಿಹಾರ ಕಷ್ಟವಲ್ಲ. ಮೊದಲಿಗೆ ಪ್ರತಿ ಪಿಕ್ಸೆಲ್‌ಗೆ ಪ್ರತಿ ವರ್ಷ ಎಷ್ಟು ಸ್ವಚ್ಛ ನೋಟಗಳು ಸಿಕ್ಕಿವೆ ಎಂದು ಎಣಿಸಿ ಒಂದು ನಕ್ಷೆ ಮಾಡಿ. ಆ ಎಣಿಕೆ ಏರುತ್ತಿದ್ದರೆ ಗರಿಷ್ಠವನ್ನು ಬಿಟ್ಟು ಕಿರಿದಾದ ಕಿಟಕಿಯೊಂದರ ಮಧ್ಯಕವನ್ನು ತೆಗೆದುಕೊಳ್ಳಿ. ಇಲ್ಲವೇ ಎಲ್ಲ ವರ್ಷಗಳ ನೋಟಗಳನ್ನು ಒಟ್ಟಿಗೆ ಹಾಕಿ ಆ ಜಾಗದ ಋತುಮಾನದ ವಕ್ರರೇಖೆಯೊಂದನ್ನು ಎಳೆದು, ಪ್ರತಿ ನೋಟವೂ ತುದಿಯಿಂದ ಎಷ್ಟು ದಿನ ದೂರದಲ್ಲಿದೆ ಎಂದು ನೋಡಿ ಸರಿಹೊಂದಿಸಿ. ಎರಡನೆಯದು ಶ್ರಮದ ಕೆಲಸ, ಆದರೆ ಚಿತ್ರಗಳು ವಿರಳವಾಗಿರುವ ಕಡೆ ಅದೇ ಗತಿ.

ನೆರಳು

ಲ್ಯಾಂಡ್‌ಸ್ಯಾಟ್ ಸ್ಥಳೀಯ ಕಾಲಮಾನ ಬೆಳಿಗ್ಗೆ ಹತ್ತರ ಸುಮಾರಿಗೆ ಹಾದುಹೋಗುತ್ತದೆ. ಉತ್ತರ ಗೋಳಾರ್ಧದ ಮಧ್ಯ ಅಕ್ಷಾಂಶಗಳಲ್ಲಿ ಆಗ ಸೂರ್ಯ ಆಗ್ನೇಯಕ್ಕಿರುತ್ತಾನೆ, ವಾಯವ್ಯಕ್ಕೆ ಮುಖಮಾಡಿದ ಇಳಿಜಾರುಗಳು ಕತ್ತಲಲ್ಲಿರುತ್ತವೆ. ಎನ್‌ಡಿವಿಐ ಭಾಗಲಬ್ಧವಾದ್ದರಿಂದ ಬೆಳಕಿನ ಏರುಪೇರು ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದರೆ ನೇರ ಬಿಸಿಲೇ ಬೀಳದ ಕಡು ನೆರಳಿನಲ್ಲಿ ಈ ಭರವಸೆ ಇಲ್ಲ. ಅಲ್ಲಿ ಪ್ರತಿಫಲನ ಎಷ್ಟು ಕಡಿಮೆಯೆಂದರೆ ವಾತಾವರಣದ ತಿದ್ದುಪಡಿಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಎನ್‌ಡಿವಿಐ ಎತ್ತೆತ್ತಲೋ ಹಾರುತ್ತದೆ. ನೆಲದ ಎತ್ತರದ ಡಿಜಿಟಲ್ ಮಾದರಿಯಿಂದ ಪ್ರತಿ ಚಿತ್ರದ ಸೂರ್ಯನ ಕೋನಕ್ಕೆ ತಕ್ಕಂತೆ ನೆರಳನ್ನು ಲೆಕ್ಕ ಹಾಕಿ ಅದನ್ನು ಪೂರ್ತಿ ತೆಗೆದುಬಿಡಿ. 2000ದ ಫೆಬ್ರವರಿಯಲ್ಲಿ ಅಳೆದ ಎಸ್‌ಆರ್‌ಟಿಎಂ ಮಾದರಿಗಿಂತ ಕೊಪರ್ನಿಕಸ್‌ನ 30 ಮೀಟರ್ ಮಾದರಿ ಕಡಿದಾದ ಕಣಿವೆಗಳಲ್ಲಿ ಮೇಲು.

ಇಲ್ಲಿ ಒಂದು ಸೂಕ್ಷ್ಮ. ಗಿಡಗಳು ವಿರಳವಾಗಿರುವ ಕಡೆ ಮಣ್ಣಿನ ಹೊಳಪು ಎನ್‌ಡಿವಿಐಯನ್ನು ಕೆಡಿಸುತ್ತದೆಂದು ಮಣ್ಣಿನ ಪ್ರಭಾವ ತಗ್ಗಿಸುವ ಎಸ್‌ಎವಿಐ ಎಂಬ ಸೂಚ್ಯಂಕ ಬಳಸಲು ಹೇಳುವವರಿದ್ದಾರೆ. ಬಯಲಿನಲ್ಲಿ ಆ ಸಲಹೆ ಸರಿ. ಆದರೆ ಎಸ್‌ಎವಿಐಯ ಛೇದದಲ್ಲಿ ಸೇರಿಸುವ 0.5 ಎಂಬ ಸ್ಥಿರಾಂಕವೇ ಭಾಗಲಬ್ಧದ ಗುಣವನ್ನು ಮುರಿಯುತ್ತದೆ. ಬೆಳಕು ಅರ್ಧವಾದರೆ ಎಸ್‌ಎವಿಐಯೂ ಇಳಿಯುತ್ತದೆ. ಇವಿಐ ಎಂಬ ಇನ್ನೊಂದು ಸಸ್ಯ ಸೂಚ್ಯಂಕಕ್ಕೂ ಅದೇ ಪಾಡು. ಕಡಿದಾದ ಇಳಿಜಾರಿನಲ್ಲಿ, ಇಳಿಜಾರಿನ ಬೆಳಕಿನ ತಿದ್ದುಪಡಿ ಮಾಡದೆ ಇವೆರಡನ್ನೂ ಬಳಸಬೇಡಿ. ನಾನಂತೂ ಎನ್‌ಡಿವಿಐಗೇ ಅಂಟಿಕೊಂಡು, ಒಂದು ಮುಖದ ಇಳಿಜಾರನ್ನು ಅದೇ ಮುಖದ ಇಳಿಜಾರಿನೊಂದಿಗೆ ಮಾತ್ರ ಹೋಲಿಸುತ್ತೇನೆ.

ಹಳೆಯ ಮತ್ತು ಹೊಸ ಕಣ್ಣುಗಳನ್ನು ಹೊಂದಿಸುವುದು

ಲ್ಯಾಂಡ್‌ಸ್ಯಾಟ್ 8ರ ಅವಗೆಂಪು ಬ್ಯಾಂಡ್ 5 ಮತ್ತು 7ರದ್ದಕ್ಕಿಂತ ಕಿರಿದು. ಪರಿಣಾಮವಾಗಿ ಅದೇ ಗಿಡ, ಅದೇ ಬಿಸಿಲಿಗೂ 8ರ ಎನ್‌ಡಿವಿಐ ತುಸು ಹೆಚ್ಚು ಬರುತ್ತದೆ. ತಿದ್ದದೆ ಬಿಟ್ಟರೆ 2013ರಲ್ಲಿ ಪ್ರಪಂಚದ ಎಲ್ಲ ಬೆಟ್ಟಗಳೂ ಒಮ್ಮೆಲೇ ಹಸಿರಾದಂತೆ ಕಾಣುತ್ತವೆ. ಪ್ರಕಟವಾದ ಗುಣಾಂಕಗಳಿವೆ, ಅದಕ್ಕಿಂತ ನಿಮ್ಮದೇ ಜಾಗದಲ್ಲಿ 7 ಮತ್ತು 8 ಎಂಟು ದಿನದ ಅಂತರದಲ್ಲಿ ತೆಗೆದ ಜೋಡಿಗಳನ್ನು ಹುಡುಕಿ ಗುಣಾಂಕ ಕಂಡುಕೊಳ್ಳುವುದು ಲೇಸು. 2003ರ ಮೇ ಕೊನೆಯಲ್ಲಿ ಲ್ಯಾಂಡ್‌ಸ್ಯಾಟ್ 7ರ ಸ್ಕ್ಯಾನರ್ ಭಾಗವೊಂದು ಕೆಟ್ಟು ಚಿತ್ರಗಳಲ್ಲಿ ಪಟ್ಟೆಪಟ್ಟೆಯಾಗಿ ಖಾಲಿ ಬಿದ್ದಿದೆ. ಆ ಖಾಲಿಯನ್ನು ಖಾಲಿಯಾಗಿಯೇ ಬಿಡಿ, ತುಂಬಲು ಹೋಗಬೇಡಿ. 2017ರ ನಂತರ ಅದು ಕಕ್ಷೆಯಲ್ಲಿ ಜಾರಿ ದಿನದಲ್ಲಿ ಇನ್ನಷ್ಟು ಬೇಗ ಹಾಯತೊಡಗಿತು. ಬೆಟ್ಟದಲ್ಲಿ ಬೇಗ ಎಂದರೆ ನೆರಳು ಉದ್ದ. ಆ ವರ್ಷಗಳಿಗೆ 8 ಇದ್ದೇ ಇದೆ, 7ನ್ನು ಬಿಟ್ಟುಬಿಡಿ.

ಎರಡು ಸಂಖ್ಯೆಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಲ್ಯಾಂಡ್‌ಸ್ಯಾಟ್ ಎರಡನೇ ಸಂಗ್ರಹದಲ್ಲಿ (ಕಲೆಕ್ಷನ್ 2) ಪ್ರತಿಫಲನ ಪಡೆಯಲು ಕಡತದ ಮೌಲ್ಯವನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು. ಎನ್‌ಡಿವಿಐ ಹೇಗಿದ್ದರೂ ಭಾಗಲಬ್ಧ ತಾನೇ, ಗುಣಾಕಾರ ಏಕೆ ಎಂದು ಬಿಡುವವರುಂಟು. ಗುಣಾಕಾರ ಅಳಿಸಿಹೋಗುತ್ತದೆ, ಆ 0.2 ಅಳಿಸಿಹೋಗುವುದಿಲ್ಲ; ನಮ್ಮ 0.67ರ ಹುಲ್ಲುಗಾವಲು 0.32 ಆಗಿ ಕೂರುತ್ತದೆ. ಸೆಂಟಿನೆಲ್-2ರಲ್ಲಿ ಇದೇ ಬಗೆಯ ಗುಂಡಿ 2022ರ ಜನವರಿಯಲ್ಲಿದೆ: ಅಂದಿನಿಂದ ಕಡತದ ಮೌಲ್ಯಗಳಿಗೆ 1000 ಕೂಡಿಸಿ ಕೊಡುತ್ತಾರೆ. ಕಳೆಯದಿದ್ದರೆ ಅದೇ ಹುಲ್ಲು 0.43 ತೋರಿಸಿ ಬೆಟ್ಟಕ್ಕೆ ಬರ ಬಡಿದಂತೆ ಕಾಣುತ್ತದೆ. ಅರ್ತ್ ಎಂಜಿನ್‌ನಲ್ಲಿ ಹಾರ್ಮನೈಸ್ಡ್ ಎಂಬ ಹೆಸರಿನ ಸಂಗ್ರಹ ಆರಿಸಿಕೊಂಡರೆ ಈ ಕೆಲಸ ಮಾಡಿಯೇ ಕೊಟ್ಟಿರುತ್ತಾರೆ.

ಪ್ರವೃತ್ತಿ, ಮತ್ತು ಬಂಡೆಯ ಪರೀಕ್ಷೆ

ವರ್ಷಕ್ಕೊಂದು ಮೌಲ್ಯ ಸಿದ್ಧವಾದ ಮೇಲೆ ಬದಲಾವಣೆಯ ವೇಗಕ್ಕೆ ಥೈಲ್-ಸೆನ್ ಇಳಿಜಾರು, ಅದು ಬರೀ ಆಕಸ್ಮಿಕವೇ ಎಂದು ತಿಳಿಯಲು ಮ್ಯಾನ್-ಕೆಂಡಾಲ್ ಪರೀಕ್ಷೆ ಸಾಕು. ಒಂದೆರಡು ಕೆಟ್ಟ ವರ್ಷಗಳಿಗೆ ಅವು ಜಗ್ಗುವುದಿಲ್ಲ. ಶೇ 5ರ ಮಿತಿಯಲ್ಲಿ 1 ಲಕ್ಷ ಪಿಕ್ಸೆಲ್‌ಗಳನ್ನು ಪರೀಕ್ಷಿಸಿದರೆ ಏನೂ ಆಗದಿದ್ದರೂ ಸುಮಾರು 5,000 ಪಿಕ್ಸೆಲ್‌ಗಳು ಬದಲಾವಣೆ ಎಂದು ಕೂಗುತ್ತವೆ ಎಂಬುದು ನೆನಪಿರಲಿ. 100 ಮೀಟರ್ ಎತ್ತರದ ಪಟ್ಟಿ ಮತ್ತು ಇಳಿಜಾರಿನ ಮುಖ ಸೇರಿಸಿ ಗುಂಪು ಮಾಡಿ, ಗುಂಪಿನ ಮಧ್ಯಕದ ಪ್ರವೃತ್ತಿ ನೋಡಿದರೆ ಈ ಗದ್ದಲ ತಗ್ಗುತ್ತದೆ.

ಆಮೇಲೆ ಬಂಡೆ. ನಿಮ್ಮ ಪ್ರದೇಶದಲ್ಲಿ ಗಿಡವೇ ಬೆಳೆಯದ, ಹಿಮ ನಿಲ್ಲದ ಬೋಳು ಬಂಡೆಯ ಮುಖಗಳನ್ನು ಗೂಗಲ್ ಅರ್ತ್‌ನ ಹಳೆಯ ಮತ್ತು ಹೊಸ ಸೂಕ್ಷ್ಮ ಚಿತ್ರಗಳಲ್ಲಿ ಖಚಿತಪಡಿಸಿಕೊಂಡು ಗುರುತಿಸಿ, ಅವುಗಳ ಮೇಲೂ ಇದೇ ಲೆಕ್ಕ ಓಡಿಸಿ. ಬಂಡೆಯೂ ಹಸಿರಾಗುತ್ತಿದೆ ಎಂದು ಬಂದರೆ ತಪ್ಪು ಬೆಟ್ಟದಲ್ಲಿಲ್ಲ, ನಿಮ್ಮ ಸಂಸ್ಕರಣೆಯಲ್ಲಿದೆ. ಮೇಲೆ ಹೇಳಿದ ಎಲ್ಲ ಹಂತಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಬಂಡೆಯ ಪರೀಕ್ಷೆ ಪಾಸಾದ ಪ್ರವೃತ್ತಿಯನ್ನು ಹಿಮ ಕರಗಿದ ದಿನದ ಪಕ್ಕದಲ್ಲಿಟ್ಟು ನೋಡಿ. ಹಿಮ ಬೇಗ ಕರಗಿದ ಕಡೆ ಮಾತ್ರ ಹಸಿರು ಹೆಚ್ಚಿದೆಯೇ, ಅಥವಾ ಕರಗುವ ದಿನ ಬದಲಾಗದ ಕಡೆಯೂ ಹೆಚ್ಚಿದೆಯೇ? ಹೆಚ್ಚಳ ನಿಜವೆಂದು ತೋರಿಸಿದ ಅಧ್ಯಯನಗಳಿವೆ. ಎವರೆಸ್ಟ್ ಸೇರಿದ ಹಿಂದೂಕುಶ್-ಹಿಮಾಲಯ ಪ್ರದೇಶದಲ್ಲಿ 1993ರಿಂದ 2018ರವರೆಗಿನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಎತ್ತರದ ಪಟ್ಟಿಗಳಾಗಿ ವಿಂಗಡಿಸಿ ನೋಡಿದ ಸಂಶೋಧಕರಿಗೆ 5,000ದಿಂದ 5,500 ಮೀಟರ್ ನಡುವೆ ಉಳಿದ ಪಟ್ಟಿಗಳಿಗಿಂತ ಬಲವಾದ ಏರಿಕೆ ಕಂಡಿತು. ಆಲ್ಪ್ಸ್‌ನಲ್ಲಿ 1984ರಿಂದ 2021ರವರೆಗಿನ ವಿಶ್ಲೇಷಣೆ ಮರಗಳ ಗಡಿಯ ಮೇಲಿನ ಶೇ 77ರಷ್ಟು ಪ್ರದೇಶ ಹಸಿರಾಗಿದೆ ಎಂದು ಹೇಳಿತು. ಹಿಮ ಹೊದಿಕೆ ಗಮನಾರ್ಹವಾಗಿ ಇಳಿದದ್ದು ಸುಮಾರು ಶೇ 10ರಷ್ಟು ಪ್ರದೇಶದಲ್ಲಿ. ಎರಡೂ ಅಂಕಿಗಳನ್ನು ಜೊತೆಗಿಟ್ಟು ಓದಿದಾಗಲೇ ಅರ್ಥ ಹೊಮ್ಮುವುದು.

ನೆಲಕ್ಕೆ ಇಳಿಯುವುದು

ಹಸಿರು ಹೆಚ್ಚಿದೆ ಎಂಬಷ್ಟರಿಂದ ಒಳ್ಳೆಯದಾಗಿದೆ ಎಂದಾಗುವುದಿಲ್ಲ. ಉತ್ತರಾಖಂಡದ ಹೂವಿನ ಕಣಿವೆಯನ್ನೇ ನೋಡಿ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಅಲ್ಲಿ ಮೇಯಿಸುವುದು ನಿಂತಿತು. ನಂತರ ಪಾಲಿಗೋನಮ್ ಎಂಬ ಎತ್ತರದ ಗಿಡ ದಟ್ಟವಾಗಿ ಹಬ್ಬಿ ಕುಳ್ಳ ಹೂಗಿಡಗಳ ಜಾಗ ಕಬಳಿಸುತ್ತಿದೆ ಎಂದು ಅದನ್ನು ಕೀಳಿಸುವ ಕೆಲಸ ನಡೆದಿದೆ. ಎನ್‌ಡಿವಿಐಗೆ ಆ ಗಿಡವೂ ಹಸಿರೇ, ಹೂಗಿಡವೂ ಹಸಿರೇ. ಯಾವ ಗಿಡ ಎಂಬುದನ್ನು ಹೇಳಲು ಮೊಣಕಾಲೂರಿ ನೋಡುವವರು ಬೇಕು.

ನೆಲದ ತುಣುಕು ಆರಿಸುವಾಗ ಒಂದು ಪಿಕ್ಸೆಲ್‌ನಷ್ಟನ್ನೇ ನೋಡಬೇಡಿ. ಕಡಿದಾದ ಕಡೆ ಚಿತ್ರ ಒಂದರ್ಧ ಪಿಕ್ಸೆಲ್ ಅತ್ತಿತ್ತ ಸರಿದಿರಬಹುದು. ಲ್ಯಾಂಡ್‌ಸ್ಯಾಟ್‌ಗೆ 90 ಮೀಟರ್ ಚೌಕದಷ್ಟು ಒಂದೇ ಬಗೆಯ ಸಸ್ಯವಿರುವ ಜಾಗ ಹುಡುಕಿ, ಅದರ ನಡುವೆ ನಿಂತು ಜಿಪಿಎಸ್ ಗುರುತು ಹಾಕಿ. ಹಸಿರು ಹೊದಿಕೆ, ಬಂಡೆ, ಬರಿ ಮಣ್ಣು ಎಷ್ಟೆಷ್ಟು ಪಾಲು ಎಂದು ಬರೆಯಿರಿ, ಮೇಲಿನಿಂದ ನೇರ ಕೆಳಕ್ಕೆ ಫೋಟೊ ತೆಗೆಯಿರಿ, ಎದುರಿನ ಇಳಿಜಾರಿನಿಂದಲೂ ಒಂದು. ಬೇರೆ ಬೇರೆ ಎತ್ತರಗಳಲ್ಲಿ ಮಾಡಿ. ದಾರಿ ಪಕ್ಕದಲ್ಲೇ ಎಲ್ಲ ಗುರುತು ಹಾಕಿದರೆ ನೀವು ಅಳೆದದ್ದು ಮೇಕೆ ಕುರಿಗಳು ಓಡಾಡುವ ಪಟ್ಟಿಯನ್ನಷ್ಟೇ. 2001ರಲ್ಲಿ ಯುರೋಪಿನಲ್ಲಿ ಶುರುವಾಗಿ ಈಗ ಬೇರೆ ಖಂಡಗಳಿಗೂ ಹರಡಿರುವ ಗ್ಲೋರಿಯಾ ಜಾಲದ ಶಿಖರಗಳಲ್ಲಿ ಗಿಡಗಳನ್ನು ನಿಗದಿತ ಅವಧಿಗೊಮ್ಮೆ ಎಣಿಸುತ್ತಾರೆ. ನಿಮ್ಮ ಪ್ರದೇಶದ ಹತ್ತಿರ ಅಂಥ ಶಿಖರವಿದ್ದರೆ ಅವರ ಪಟ್ಟಿಯೇ ನಿಮ್ಮ ಅತ್ಯುತ್ತಮ ಸಾಕ್ಷಿ.

ಕೊನೆಗೆ ನಕ್ಷೆಯ ಕೆಳಗೆ ಬರೆಯಬೇಕಾದದ್ದು: ಯಾವ ಸಂಗ್ರಹ, ಅದರ ಎಷ್ಟನೇ ಆವೃತ್ತಿ, ಯಾವ ದಿನದಿಂದ ಯಾವ ದಿನದವರೆಗಿನ ಕಿಟಕಿ, ಹಿಮಕ್ಕೆ ಯಾವ ಮಿತಿ, ನೆರಳಿಗೆ ಯಾವ ಎತ್ತರದ ಮಾದರಿ, ವರ್ಷಕ್ಕೆ ಎಷ್ಟು ನೋಟಗಳು, ಬಂಡೆಯ ಮೇಲೆ ಬಂದ ಪ್ರವೃತ್ತಿ ಎಷ್ಟು. ಬಳಸಿದ ಚಿತ್ರಗಳ ಗುರುತಿನ ಸಂಖ್ಯೆಗಳನ್ನು ಬೇರೆ ಕಡತದಲ್ಲಿ ಉಳಿಸಿ. ಸಂಸ್ಥೆಗಳು ಹಳೆಯ ಚಿತ್ರಗಳನ್ನು ಆಗಾಗ ಹೊಸದಾಗಿ ಸಂಸ್ಕರಿಸಿ ಹಾಕುತ್ತವೆ. ಆಗ ಮೌಲ್ಯ ಬದಲಾದದ್ದು ಬೆಟ್ಟದಿಂದಲೋ ಹೊಸ ಸಂಸ್ಕರಣೆಯಿಂದಲೋ ಎಂದು ಹೇಳಲು ಆ ಪಟ್ಟಿ ಬೇಕಾಗುತ್ತದೆ.